ಲೀಗ್ ಬಂತು, ಕೋಟಿ ಬಂತು. ತಾಲ್ಲೂಕಿನ ಹುಡುಗಿಗೆ ದಾರಿ ಬಂತಾ?

ಪಿಟಿ_ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ದಾವಣಗೆರೆ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕ ನಾನು. ನಮ್ಮಲ್ಲಿ ಹುಡುಗಿಯರಿಗೆ ಅಂತ ಇದ್ದದ್ದು ಖೋಖೋ, ಕಬಡ್ಡಿ, ಥ್ರೋಬಾಲ್. 2025ರ ನವೆಂಬರ್ 2ರ ಭಾನುವಾರ ರಾತ್ರಿ ಮಹಿಳಾ ವಿಶ್ವಕಪ್ ಫೈನಲಲ್ಲಿ ನಮ್ಮ ಕ್ಯಾಪ್ಟನ್ ಹರ್ಮನ್‌ಪ್ರೀತ್ ಹಿಂದಕ್ಕೆ ಓಡಿ ಕೊನೇ ಕ್ಯಾಚ್ ಹಿಡಿದರಲ್ಲ, ಮಾರನೇ ದಿನ ಪ್ರಾರ್ಥನೆಗೂ ಮುಂಚೆ ಒಂಬತ್ತನೇ ಕ್ಲಾಸಿನ ಆರು ಹುಡುಗಿಯರು ಸ್ಟಾಫ್ ರೂಮ್ ಬಾಗಿಲಿಗೆ ಬಂದು "ಸಾರ್, ಬ್ಯಾಟ್ ಕೊಡಿ" ಅಂದರು. ಕೊಟ್ಟೆ. ಎರಡು ವಾರಕ್ಕೆ ಐದು ಜನ ಖೋಖೋಗೆ ವಾಪಸ್ ಹೋದರು. ಒಬ್ಬಳು ಹೋಗಲಿಲ್ಲ.

ಹೋಗದವಳು ನಿಜವಾಗಿ ಆಡುತ್ತಾಳೆ. ಬೌಂಡರಿಯಿಂದ ಎಸೆದರೆ ಚೆಂಡು ಎದೆ ಎತ್ತರದಲ್ಲೇ ಬಂದು ಕೀಪರ್ ಕೈ ಸೇರುತ್ತೆ. ಹುಡುಗರ ಬೌಲಿಂಗ್‌ಗೆ ಹೆದರೋದಿಲ್ಲ. ಆದರೆ ಆಡಿರೋದೆಲ್ಲ ಟೆನಿಸ್ ಬಾಲಲ್ಲಿ. ಲೆದರ್ ಬಾಲ್ ಕೈಯಲ್ಲಿ ಹಿಡಿದು ನೋಡಿದ್ದಾಳೆ, ಅಷ್ಟೆ.

ಅವರಪ್ಪ ಮೆಕ್ಕೆಜೋಳ ಬೆಳೆಯೋರು. ಕರೆಸಿ ಮಾತಾಡಿದೆ. ಅವರು ಕೇಳಿದ್ದು ಹೀಗೆ: "ಟೀವಿಲಿ ಕೋಟಿ ಕೋಟಿ ಅಂತಾರಲ್ಲ ಸಾರ್, ನನ್ ಮಗಳಿಗೆ ಎಷ್ಟು ಬರುತ್ತೆ? ಯಾವಾಗ ಬರುತ್ತೆ? ಬರ್ಲಿಲ್ಲ ಅಂದ್ರೆ ಏನು ಗತಿ?"

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮಹಿಳಾ ಪ್ರೀಮಿಯರ್ ಲೀಗ್ ನಾಲ್ಕನೇ ಸೀಸನ್‌ಗೆ ಕಾಲಿಡ್ತಾ ಇದೆ, 2026ರ ಜನವರಿ 9ಕ್ಕೆ ನವಿ ಮುಂಬೈಯಲ್ಲಿ ಶುರು. ಇದರಿಂದ ಕೆಳಗಿನವರಿಗೆ ಏನು ಸಿಕ್ಕಿದೆ? ಗೊತ್ತಿದ್ದವರು ಹೇಳಿ. ಸುಮ್ಮನೆ "ಪ್ರತಿಭೆ ಇದ್ರೆ ಬರುತ್ತೆ ಬಿಡಿ" ಅನ್ನೋ ಮಾತು ಬೇಡ, ಅದನ್ನ ನಾನೇ ಇಪ್ಪತ್ತು ವರ್ಷದಿಂದ ಹೇಳ್ಕೊಂಡು ಬಂದಿದೀನಿ.

ಪಿ_ಸ್ಟ್ಯಾಂಡ್_ಪರಮೇಶಿ

ಮೇಷ್ಟ್ರೇ, ಹುಡುಗೀನ ಮೊದಲು ಒಂದು ಮ್ಯಾಚ್‌ಗೆ ಕರ್ಕೊಂಡು ಹೋಗಿ, ಉತ್ತರ ತಾನಾಗೇ ಸಿಗುತ್ತೆ.

2024ರ ಫೆಬ್ರವರಿ 24, ಚಿನ್ನಸ್ವಾಮಿ. ಆರ್‌ಸಿಬಿ–ಯುಪಿ ವಾರಿಯರ್ಸ್. ನಾನು ಹೋಗಿದ್ದು ತಂಗಿ ಬಲವಂತಕ್ಕೆ. ಅರ್ಧ ಸ್ಟೇಡಿಯಂ ಖಾಲಿ ಇರುತ್ತೆ, ಕಾಲು ಚಾಚ್ಕೊಂಡು ಕೂರಬಹುದು ಅಂದ್ಕೊಂಡಿದ್ದೆ. ಕಬ್ಬನ್ ಪಾರ್ಕ್ ಮೆಟ್ರೋಲಿ ಇಳಿದ್ರೆ ಮೆಟ್ಟಿಲು ಹತ್ತೋಕೇ ಜಾಗ ಇಲ್ಲ! ಅವತ್ತು ಆಶಾ ಶೋಭನಾ 22 ರನ್ ಕೊಟ್ಟು 5 ವಿಕೆಟ್ ತೆಗೆದರು. ಈ ಲೀಗಲ್ಲಿ ಐದು ವಿಕೆಟ್ ತೆಗೆದ ಮೊದಲ ಭಾರತೀಯ ಬೌಲರ್ ಅವರು. ಗೆದ್ದಿದ್ದು 2 ರನ್ನಿಂದ. ಆಗ ಅವರಿಗೆ 32 ವರ್ಷ, ಭಾರತ ತಂಡದ ಬಾಗಿಲು ಇನ್ನೂ ತೆರೆದಿರಲಿಲ್ಲ. ನಮ್ಮ ಸ್ಟ್ಯಾಂಡಲ್ಲಿ ಒಬ್ಬರು ಅಜ್ಜಿ, ಮೊಮ್ಮಗಳ ಜೊತೆ ಬಂದಿದ್ದರು. ಕೊನೇ ಓವರಲ್ಲಿ ಎದ್ದು ನಿಂತ ಅಜ್ಜಿ ಆಮೇಲೆ ಕೂರಲೇ ಇಲ್ಲ.

ಒಂಬತ್ತು ದಿನ ಬಿಟ್ಟು ನಮ್ಮ ತಂಡದ ಎಲಿಸ್ ಪೆರ್ರಿ ಹೊಡೆದ ಸಿಕ್ಸರ್‌ಗೆ ಬೌಂಡರಿ ಆಚೆ ನಿಲ್ಲಿಸಿದ್ದ ಕಾರಿನ ಗಾಜು ಪುಡಿ ಆಯ್ತಲ್ಲ, ಅದಕ್ಕೂ ನಾನಿದ್ದೆ. ಆ ಗಾಜಿನ ಚೂರುಗಳಿಗೆ ಫ್ರೇಮ್ ಹಾಕಿಸಿ ಆಮೇಲೆ ಅವರಿಗೇ ಕೊಟ್ಟರು.

ಇನ್ನು ಮಾರ್ಚ್ 17ರ ಫೈನಲ್. ಡೆಲ್ಲಿ 113ಕ್ಕೆ ಆಲೌಟ್, ನಮ್ಮ ಶ್ರೇಯಾಂಕಾ 12 ರನ್ನಿಗೆ 4. ಗೆದ್ದ ಮೇಲೆ ಕ್ಯಾಪ್ಟನ್ ಸ್ಮೃತಿ ಮೈಕ್ ಹಿಡಿದು, ಇಷ್ಟು ದಿನ ಎಲ್ಲರೂ "ಈ ಸಲ ಕಪ್ ನಮ್ದೇ" ಅಂತಿದ್ರಲ್ಲ, ಈಗ "ಈ ಸಲ ಕಪ್ ನಮ್ದು" ಅಂದ್ರು. ಒಂದಕ್ಷರ ಬದಲಾಗಿದ್ದಕ್ಕೆ ಚರ್ಚ್ ಸ್ಟ್ರೀಟಲ್ಲಿ ನಡುರಾತ್ರಿ ಕುಣಿದ ಜನ ನಾವು. ಗಂಡಸರ ತಂಡ 18ನೇ ಸೀಸನ್‌ಗೆ ಗೆದ್ದದ್ದನ್ನ ಇವರು ಎರಡನೇ ಸೀಸನ್‌ಗೇ ತಂದ್ರು.

ಲೆಕ್ಕದ_ಪುಸ್ತಕ

ಪರಮೇಶಿ ಕುಣಿತಾ ಇರಲಿ. ಮೇಷ್ಟ್ರು ಕೇಳಿದ್ದು ದುಡ್ಡಿನ ಪ್ರಶ್ನೆ.

2023ರ ಜನವರಿ 25ರಂದು ಐದು ತಂಡ ಮಾರಾಟ ಆದವು. ಒಟ್ಟು 4669.99 ಕೋಟಿ. ಅಹಮದಾಬಾದ್ 1289, ಮುಂಬೈ 912.99, ಬೆಂಗಳೂರು 901, ಡೆಲ್ಲಿ 810, ಲಖನೌ 757. ಪ್ರಸಾರದ ಹಕ್ಕು ಐದು ವರ್ಷಕ್ಕೆ 951 ಕೋಟಿ, ಅಂದರೆ ಒಂದು ಪಂದ್ಯಕ್ಕೆ 7.09 ಕೋಟಿ. ಆಟಗಾರ್ತಿಯರನ್ನ ಕೊಳ್ಳೋಕೆ ತಂಡಕ್ಕೆ ಕೊಟ್ಟ ಪರ್ಸು ಮೊದಲ ವರ್ಷ 12 ಕೋಟಿ, 2026ರ ಸೀಸನ್ನಿನ ಮೆಗಾ ಹರಾಜಿಗೆ 15 ಕೋಟಿ. ಪುರುಷರ ಐಪಿಎಲ್‌ನಲ್ಲಿ ಅದೇ ಪರ್ಸು 125 ಕೋಟಿ.

ಇನ್ನು ಕುರ್ಚಿ ಎಷ್ಟು? ತಂಡಕ್ಕೆ ಹೆಚ್ಚೆಂದರೆ 18 ಜನ, ಅದರಲ್ಲಿ 6 ವಿದೇಶಿಯರು. ಉಳಿದದ್ದು 12. ಐದು ತಂಡಕ್ಕೆ 60. ಇಡೀ ದೇಶಕ್ಕೆ ಅರವತ್ತು ಕುರ್ಚಿ! ಭಾರತಕ್ಕೆ ಇನ್ನೂ ಆಡದ ಹುಡುಗಿಯ ಕನಿಷ್ಠ ಮೂಲಬೆಲೆ 10 ಲಕ್ಷ. ಆ ಅರವತ್ತರಲ್ಲಿ ಸುಮಾರು ಜನ ಬರೋದು ಈ 10 ಲಕ್ಷಕ್ಕೇ. ಸ್ಮೃತಿಗೆ 3.4 ಕೋಟಿ ಅನ್ನೋದು ಹೆಡ್‌ಲೈನ್. 2023ರಲ್ಲಿ ಶ್ರೇಯಾಂಕಾ ಪಾಟೀಲ್‌ಗೆ ಸಿಕ್ಕಿದ್ದು 10 ಲಕ್ಷ.

ಆದ್ದರಿಂದ ಮೇಷ್ಟ್ರೇ, "ಎಷ್ಟು ಬರುತ್ತೆ" ಅನ್ನೋದಕ್ಕೆ ನೇರ ಉತ್ತರ: ಬಹುತೇಕ ಹುಡುಗಿಯರಿಗೆ ಲೀಗಿಂದ ಒಂದು ಪೈಸೆಯೂ ಬರಲ್ಲ.

ಸತ್ಯವಂತ_77

ಅದನ್ನೇ ನಾನೂ ಹೇಳೋದು. ಗಂಡಸರ ಕ್ರಿಕೆಟ್ ದುಡಿದ ದುಡ್ಡಲ್ಲಿ ನಡೀತಿರೋ ಜಾತ್ರೆ ಇದು. ಬೌಂಡರಿ ನಮ್ಮ ಓಣಿಯಷ್ಟಿದೆ, ಬಾಲು ಚಿಕ್ಕದು, ಅದಕ್ಕೆ ಕೋಟಿ. ಮಾರುಕಟ್ಟೆ ಇದ್ದಿದ್ದರೆ ಗಂಡಸರ ಐಪಿಎಲ್ ಶುರುವಾದ 2008ರಲ್ಲೇ ಬರ್ತಿತ್ತು.

ಕುಡ್ಲದ_ಸ್ಕೋರರ್

ಸತ್ಯವಂತರೇ, ಬೌಂಡರಿ ಚಿಕ್ಕದು ಉಂಟು, ಯಾರು ಇಲ್ಲ ಹೇಳಿದ್ದು? ಮಹಿಳೆಯರ ಚೆಂಡು ಹೆಚ್ಚೆಂದರೆ 151 ಗ್ರಾಂ, ಗಂಡಸರದ್ದು 156ರಿಂದ ಶುರು. ಚೆಂಡಿನ ಅಳತೆ ಬೇರೆ, ಹಗ್ಗದ ಅಳತೆ ಬೇರೆ ಮಾರಾಯ್ರೆ, ಅದು ಆ ಆಟದ ನಿಯಮ. ಬ್ಯಾಡ್ಮಿಂಟನ್‌ನಲ್ಲಿ ಶಟಲ್ ಟೆನಿಸ್ ಬಾಲಿನಷ್ಟು ದೂರ ಹೋಗುವುದಿಲ್ಲ ಅಂತ ಯಾರಾದರೂ ಜಗಳ ಮಾಡ್ತಾರಾ?

ನಾನು ಮೂವತ್ತು ವರ್ಷದಿಂದ ಕ್ಲಬ್ ಮ್ಯಾಚಿಗೆ ಸ್ಕೋರ್ ಬರೆಯುವವ. ಆಟ ನೋಡಬೇಕಾದ್ದು ಹಗ್ಗದ ಹತ್ತಿರ ಅಲ್ಲ, ಪಿಚ್ಚಿನ ಹತ್ತಿರ. ದೀಪ್ತಿ ಶರ್ಮಾ ಗಾಳಿಯಲ್ಲಿ ಚೆಂಡು ನಿಲ್ಲಿಸುವುದನ್ನು ನೋಡಿ. ಸ್ಪಿನ್ನಿನ ಆಟ ಬೇಕಾದರೆ ಈಗ ಮಹಿಳೆಯರ ಟಿ20 ನೋಡಬೇಕು, ಗಂಡಸರದ್ದು ಬರೀ ಬಡಿಯುವುದು ಆಗಿ ಹೋಗಿದೆ. ಇದು ನನ್ನ ಅಭಿಪ್ರಾಯ ಆಯ್ತಾ, ಬೈಯುವವರು ಬೈಯಬಹುದು.

ಇನ್ನೊಂದು. ವೈಡ್‌ಗೆ, ನೋಬಾಲ್‌ಗೆ ರಿವ್ಯೂ ಕೇಳುವ ನಿಯಮ ಮೊದಲು ಬಂದದ್ದು 2023ರ ಈ ಲೀಗಿನಲ್ಲಿ. ಗಂಡಸರ ಐಪಿಎಲ್ ಆಮೇಲೆ ತೆಗೆದುಕೊಂಡಿತು. ಹಾಗೆಯೇ ಅಸೋಸಿಯೇಟ್ ದೇಶದ, ಅಂದರೆ ಐಸಿಸಿಯ ಪೂರ್ಣ ಸದಸ್ಯ ಅಲ್ಲದ ದೇಶದ, ಒಬ್ಬರನ್ನು ಐದನೇ ವಿದೇಶಿಯಾಗಿ ಆಡಿಸುವ ನಿಯಮ ಉಂಟಲ್ಲ, ಅದರಿಂದಲೇ ಅಮೆರಿಕದ ತಾರಾ ನಾರಿಸ್ ಡೆಲ್ಲಿಗೆ ಆಡಿದ್ದು. ಲೀಗಿನ ಮೊತ್ತಮೊದಲ ಐದು ವಿಕೆಟ್ ಆ ಹುಡುಗಿಯದ್ದು, 29ಕ್ಕೆ 5, ಪಾಪ ನಮ್ಮ ಆರ್‌ಸಿಬಿಯ ಮೇಲೇ.

ಹುಬ್ಳಿ_ಅಕ್ಕ

2008ರಾಗ ಯಾಕ ಬರಲಿಲ್ಲ ಅಂತ ಕೇಳ್ಯಾರ ನೋಡ್ರಿ ಸತ್ಯವಂತ ಅವರು. ನಾ ಹೇಳ್ತೀನಿ.

ನಾ ಧಾರವಾಡ ಯೂನಿವರ್ಸಿಟಿಗೆ ಆಡಿದಾಕಿ. ವಿಕೆಟ್ ಕೀಪರ್. 2000ದ ಆಜೂಬಾಜೂ ಮಾತು. ಬೆಂಗಳೂರಾಗ ಸೆಲೆಕ್ಷನ್ ಅಂದ್ರ ರಾತ್ರಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹಿಡೀತಿದ್ವಿ, ಜನರಲ್ ಬೋಗಿ. ನಾಕ್ ಮಂದಿಗೆ ಒಂದು ಕಿಟ್. ಪಾಯಿಖಾನಿ ಬಾಗಿಲ ಬಾಜೂಕ ಕಿಟ್ ಬ್ಯಾಗ್ ಇಟ್ಟು ಅದರ ಮ್ಯಾಲೆ ಪಾಳಿ ಮ್ಯಾಲೆ ಕುಂದರೂದು. ಮುಂಜಾನೆ ಇಳದು ಸ್ಟೇಷನ್ ವೇಟಿಂಗ್ ರೂಮಿನಾಗ ಮಾರಿ ತೊಕ್ಕೊಂಡು ಹತ್ತಕ್ಕ ಗ್ರೌಂಡಿನಾಗ ಇರಬೇಕು. ಆರು ಬಾಲ್ ಆಡಿಸಿ "ನೆಕ್ಸ್ಟ್" ಅಂತಿದ್ರು. ಮುಗೀತು. ಮತ್ತ ಅದೇ ರೈಲು.

ಆವಾಗ ಮಹಿಳಾ ಕ್ರಿಕೆಟ್ ಬಿಸಿಸಿಐ ಕೈಯಾಗ ಇರಲಿಲ್ಲ, ಅವರು ತಗೊಂಡಿದ್ದು 2006ಕ್ಕ. ಅದಕ್ಕಿಂತ ಒಂದ ವರ್ಷ ಮೊದಲ ಮಿಥಾಲಿ ರಾಜ್ ತಂಡ ವಿಶ್ವಕಪ್ ಫೈನಲ್ ಆಡಿತ್ತು, ಒಂದ ಮ್ಯಾಚಿಗೆ 1000 ರೂಪಾಯಿ ಸಿಕ್ಕಿತ್ತು ಅಂತ ಅವರ ಹೇಳ್ಯಾರ. ಇನ್ನೂ ಹಿಂದ ಹೋದ್ರ ನಮ್ಮ ಬೆಂಗಳೂರಿನ ಶಾಂತಾ ರಂಗಸ್ವಾಮಿ, ದೇಶದ ಮೊದಲ ಮಹಿಳಾ ಟೆಸ್ಟ್ ಕ್ಯಾಪ್ಟನ್. ಆ ಮೊದಲ ಟೆಸ್ಟ್ ಆಗಿದ್ದು ಇದ ಚಿನ್ನಸ್ವಾಮಿಯಾಗ, 1976ರಾಗ. ಅಂದ್ರ ಆಟ ಇತ್ತು, ಆಡಾವರು ಇದ್ರು. ತೋರಸಾವರು ಇರಲಿಲ್ಲ. ತೋರಸಲಾರದ ಮಾರುಕಟ್ಟಿ ಎಲ್ಲಿಂದ ಬರತೈತ್ರೀ?

ನಮ್ಮ ಕಾಲಕ್ಕ ಫ್ರಾಂಚೈಸಿ ಅಂದ್ರ ರೈಲ್ವೆ. ರೈಲ್ವೇದಾಗ ಸ್ಪೋರ್ಟ್ಸ್ ಕೋಟಾ ಹತ್ತಿತಂದ್ರ ಜೀವನಾ ಸೆಟ್ಲ್. ಅದಕ್ಕ ದೇಶದ ಚಲೋ ಆಟಗಾರ್ತಿಯರೆಲ್ಲ ಅಲ್ಲೇ, ಟ್ರೋಫಿನೂ ವರ್ಷಾವರ್ಷಾ ಅಲ್ಲೇ. ನಮ್ಮ ಕಡೂರಿನ ವೇದಾ ಕೃಷ್ಣಮೂರ್ತಿ, ವಿಜಯಪುರದ ರಾಜೇಶ್ವರಿ ಗಾಯಕವಾಡ, ಇಬ್ಬರೂ ರೈಲ್ವೆಗೆ ಆಡಿದಾವರ. ನನಗ ಹತ್ತಲಿಲ್ಲ. ಇಪ್ಪತ್ತೆರಡಕ್ಕ ಬ್ಯಾಂಕ್ ಪರೀಕ್ಷಾ ಬರದೆ, ಗ್ಲೌಸ್ ಅಟ್ಟದ ಮ್ಯಾಲೆ ಹೋದ್ವು.

ಮೇಷ್ಟ್ರ, ಆ ಹುಡುಗಿ ಅಪ್ಪಗ ಹೇಳ್ರಿ, ಪ್ರಶ್ನೆ ಸರಿ ಐತಿ. ನಮ್ಮಪ್ಪಾನೂ ಇದ ಕೇಳಿದ್ದ.

ಮೆಲ್ಬರ್ನ್_ಮೂಡಿಗೆರೆ

ಅಕ್ಕನ ಪೋಸ್ಟ್ ಓದಿ ಸುಮ್ಮನೆ ಕೂತುಬಿಟ್ಟೆ ಸ್ವಲ್ಪ ಹೊತ್ತು.

ಇಲ್ಲಿ ಆಸ್ಟ್ರೇಲಿಯಾದ ಕಥೆ ಹೇಳ್ತೀನಿ, ಹೋಲಿಕೆಗೆ ಬೇಕಾಗುತ್ತೆ. ಮಹಿಳಾ ಬಿಗ್ ಬ್ಯಾಷ್ ಶುರುವಾಗಿದ್ದು 2015-16ಕ್ಕೆ, ಎಂಟು ತಂಡ. ಇಂಡಿಯಾಗಿಂತ ಏಳು ವರ್ಷ ಮೊದಲು. ಹೆಸರಿಗೆ ಫ್ರಾಂಚೈಸಿ, ಆದ್ರೆ ನಮ್ಮಲ್ಲಿ ಥರ ಕಂಪನಿಗಳು ಕೊಂಡಿದ್ದಲ್ಲ, ತಂಡಗಳು ಕ್ರಿಕೆಟ್ ಮಂಡಳಿಗಳ ಕೈಯಲ್ಲೇ ಇವೆ. ನಾನು ಜಂಕ್ಷನ್ ಓವಲ್‌ಗೆ ಹೋಗ್ತಾ ಇರ್ತೀನಿ. ದೊಡ್ಡ ಎಂಸಿಜಿ ಅಲ್ಲ, ಸೇಂಟ್ ಕಿಲ್ಡಾದ ಸಣ್ಣ ಮೈದಾನ. ಹುಲ್ಲಿನ ಮೇಲೆ ಚಾಪೆ ಹಾಸ್ಕೊಂಡು, ಮಕ್ಕಳಿಗೆ ಸನ್‌ಸ್ಕ್ರೀನ್ ಬಳಿದು ಕೂತ್ರೆ ಥೇಟ್ ನಮ್ಮೂರ ಜಾತ್ರೆ ಮೈದಾನ.

ಭಾರತದವರಿಗೆ ಮೊದಲು ಲೀಗ್ ಅಂದ್ರೇನು ಅಂತ ಕಲಿಸಿದ್ದು ಇದೇ. 2016ರಲ್ಲಿ ಹರ್ಮನ್‌ಪ್ರೀತ್ ಸಿಡ್ನಿ ಥಂಡರ್‌ಗೆ, ಸ್ಮೃತಿ ಬ್ರಿಸ್ಬೇನ್ ಹೀಟ್‌ಗೆ ಬಂದ್ರು. ಭಾರತಕ್ಕೆ ಆಡೋ ಗಂಡಸರನ್ನ ಬಿಸಿಸಿಐ ಹೊರಗಿನ ಲೀಗಿಗೆ ಬಿಡೋದೇ ಇಲ್ಲ, ಹೆಂಗಸರನ್ನ ಬಿಡ್ತು. ಒಂದು ಕೈಲಿ ಲೀಗ್ ಕೊಡದೆ ಇನ್ನೊಂದು ಕೈಲಿ ಬೇಲಿ ತೆಗೆದಿತ್ತು ಅನ್ನಿ. ಅದರಿಂದ ಒಳ್ಳೇದೇ ಆಯ್ತು. 2021ರಲ್ಲಿ ಹರ್ಮನ್ ಇಲ್ಲಿ ಟೂರ್ನಿಯ ಶ್ರೇಷ್ಠ ಆಟಗಾರ್ತಿ.

ಹಾಗಂತ ಇಲ್ಲಿ ಎಲ್ಲ ಚೆನ್ನಾಗಿದೆ ಅಂತಲ್ಲ. ಒಂದೊಂದು ತಂಡಕ್ಕೆ 14 ಲೀಗ್ ಪಂದ್ಯ ಇದ್ದದ್ದನ್ನ 2024-25ರಿಂದ 10ಕ್ಕೆ ಇಳಿಸಿದ್ರು. ಇಂಗ್ಲೆಂಡ್‌ನಲ್ಲಿ ಕಿಯಾ ಸೂಪರ್ ಲೀಗ್ ನಾಲ್ಕೇ ವರ್ಷಕ್ಕೆ ಮುಚ್ಚಿ ಹೋಯ್ತು, ಆಮೇಲೆ 2021ರಲ್ಲಿ ಇನ್ನಿಂಗ್ಸಿಗೆ ನೂರು ಎಸೆತದ ದಿ ಹಂಡ್ರೆಡ್ ಬಂತು. ಗಂಡಸರ ಪಂದ್ಯ, ಹೆಂಗಸರ ಪಂದ್ಯ ಒಂದೇ ದಿನ, ಒಂದೇ ಟಿಕೆಟ್. ಮೊದಲ ವರ್ಷವೇ ಮಹಿಳೆಯರ ಪಂದ್ಯಗಳಿಗೆ 2 ಲಕ್ಷ 67 ಸಾವಿರ ಜನ. ಈಗ ಅಲ್ಲೂ ನಮ್ಮವರ ದುಡ್ಡೇ, ಅಂಬಾನಿ, ಸನ್ ಗ್ರೂಪ್ ಎಲ್ಲ ತಂಡಗಳಲ್ಲಿ ಪಾಲು ಕೊಂಡಿದ್ದಾರೆ.

ಆದ್ರೆ ಮೇಷ್ಟ್ರ ಪ್ರಶ್ನೆಗೆ ಉತ್ತರ ಲೀಗಲ್ಲಿ ಇಲ್ಲ ಸರ್. ನಮ್ಮ ಬಡಾವಣೆ ಕ್ಲಬ್ಬಲ್ಲಿ ಶನಿವಾರ ನಾನು ವಾಲಂಟಿಯರ್. ಹದಿಮೂರರ ಒಳಗಿನ ಹುಡುಗಿಯರ ತಂಡ ಇದೆ, ಅವರಿಗೆ ಬಟ್ಟೆ ಬದಲಾಯಿಸೋ ಕೋಣೆ ಇದೆ, ವಾರಕ್ಕೊಂದು ಮ್ಯಾಚ್ ಇದೆ. ಸೋತ್ರೂ ಮುಂದಿನ ಶನಿವಾರ ಮತ್ತೆ ಮ್ಯಾಚ್.

ಲೆಕ್ಕದ_ಪುಸ್ತಕ

"ಸೋತರೂ ಮುಂದಿನ ಶನಿವಾರ ಮ್ಯಾಚ್." ನಮ್ಮಲ್ಲಿ ಇಲ್ಲದ್ದು ಅದೇ.

ಅಪ್ಪ_ಡ್ರೈವರ್_ಮೈಸೂರು

ನಾನು ಒಬ್ಬ ಅಪ್ಪ. ಕೆಲಸ ಬೇರೆ ಇದೆ, ಆದರೆ ಬೆಳಿಗ್ಗೆ ಐದೂವರೆಯಿಂದ ಏಳೂವರೆವರೆಗೆ ಮಗಳ ಡ್ರೈವರ್. ಅವಳಿಗೆ 13. ಮೂರು ವರ್ಷದಿಂದ ನೆಟ್ಸ್‌ಗೆ ಹೋಗ್ತಾಳೆ.

ಮೇಷ್ಟ್ರೇ, ಕೆಲಸಕ್ಕೆ ಬರೋ ವಿಷಯ ಹೇಳ್ತೀನಿ. ಮೊದಲು ಜನನ ಪ್ರಮಾಣಪತ್ರ. ಮನೇಲಿ ಹಳೇದು ಇದ್ದರೆ ಸಾಲದು, ಸರಿಯಾಗಿ ನೋಂದಣಿ ಆಗಿರೋದು ಈಗಲೇ ತೆಗೆಸಿ. ಶಾಲೆ ದಾಖಲಾತಿ, ಆಧಾರ್, ಇದು, ಮೂರರಲ್ಲೂ ಹೆಸರಿನ ಅಕ್ಷರ, ಹುಟ್ಟಿದ ದಿನ ಒಂದೇ ಇರಬೇಕು. ಹದಿನೈದರೊಳಗಿನ ಹುಡುಗಿಯರಿಗೆ ಮಣಿಕಟ್ಟಿನ ಮೂಳೆ ಎಕ್ಸ್‌ರೇ ಮಾಡಿ ವಯಸ್ಸು ನೋಡ್ತಾರೆ. ಒಂಬತ್ತನೇ ಕ್ಲಾಸ್ ಅಂದ್ರೆ ನಿಮ್ಮ ಹುಡುಗಿಗೆ ಅಂಡರ್-15 ದಾಟಿರಬಹುದು, ಹಾಗಿದ್ರೆ ನೇರ ಅಂಡರ್-19. ಆ ಅಂಡರ್-15 ಟೂರ್ನಿ ಕೂಡ ಹುಡುಗಿಯರಿಗೆ ಬಂದದ್ದು 2022-23ರಲ್ಲಿ. ಅದಕ್ಕೂ ಮುಂಚೆ ಎಷ್ಟೋ ಸಣ್ಣ ಹುಡುಗಿಯರು ದೊಡ್ಡವರ ಜೊತೆಗೇ ಪೈಪೋಟಿ ಮಾಡಬೇಕಿತ್ತು.

ಎರಡನೇದು ಖರ್ಚು. ಬ್ಯಾಟ್ 9,500 ಕೊಟ್ಟೆ, ಒಂದು ಸೀಸನ್‌ಗೆ ಬಾಟಮ್ ಎದ್ದು ಹೋಯ್ತು. ಸ್ಪೈಕ್ ಶೂ, ಹೆಲ್ಮೆಟ್, ಪ್ಯಾಡು. ಹುಡುಗಿಯರ ಅಳತೆದು ನಮ್ಮೂರ ಅಂಗಡಿಗಳಲ್ಲಿ ಸಿಗಲ್ಲ, ಹುಡುಗರ ಯೂತ್ ಸೈಜೇ ತಗೋಬೇಕು. ಥೈ ಪ್ಯಾಡ್ ಜಾರುತ್ತೆ, ನನ್ನ ಹೆಂಡತಿ ಅದಕ್ಕೆ ಒಂದು ಪಟ್ಟಿ ಹೊಲಿದು ಕೊಟ್ಟಿದ್ದಾಳೆ.

ಮೂರನೇದು ಯಾರೂ ಬರೆಯದೇ ಇರೋದು: ಶೌಚಾಲಯ. ಹೋದ ವರ್ಷ ಒಂದು ಟ್ರಯಲ್ಸ್, ಯಾವ ಊರು, ಯಾವ ಮೈದಾನ ಅಂತ ಹೇಳಲ್ಲ. ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಎರಡು. ಇದ್ದ ಒಂದೇ ಶೌಚಾಲಯಕ್ಕೆ ಬೀಗ, ಕೀಲಿ ಯಾರ ಹತ್ತಿರ ಅಂತ ಯಾರಿಗೂ ಗೊತ್ತಿಲ್ಲ. ಹುಡುಗಿಯರು ನೀರು ಕುಡಿಯೋದೇ ಬಿಟ್ಟರು. ಹನ್ನೊಂದು ಗಂಟೆ ಬಿಸಿಲಲ್ಲಿ ಒಬ್ಬಳು ಮಿಡ್‌ ಆನಲ್ಲಿ ಕುಸಿದು ಕೂತಳು. "ಫಿಟ್‌ನೆಸ್ ಇಲ್ಲ" ಅಂತ ಬರೆದುಕೊಂಡರು.

ಆದರೂ ಹೇಳ್ತೀನಿ, ಲೀಗಿಂದ ನನಗೆ ಒಂದು ಲಾಭ ಆಗಿದೆ. ಮೊದಲು ನನ್ನ ಅಮ್ಮ, "ಹೆಣ್ಣುಮಗು ಕಪ್ಪಾಗ್ತಾಳೆ" ಅಂತ ದಿನಾ ಅನ್ನೋರು. ಡೆಲ್ಲಿಗೆ ನಮ್ಮ ನಿಕಿ ಪ್ರಸಾದ್ ಮೊದಲ ಪಂದ್ಯದಲ್ಲೇ 33 ಎಸೆತಕ್ಕೆ 35 ಹೊಡೆದು ಪಂದ್ಯಶ್ರೇಷ್ಠ ಆದಳಲ್ಲ, 2025ರ ಫೆಬ್ರವರಿ, ಅದನ್ನ ಅಮ್ಮ ಕೂತು ನೋಡಿದರು. ಮಾರನೇ ದಿನದಿಂದ ಅಲಾರಾಂ ಇಡೋದು ಅವರೇ.

ಕನ್ನಡದ_ಕಂದ_ಆರ್‌ಸಿಬಿ

ನಿಕಿ ಬೆಂಗಳೂರು ಹುಡುಗಿ, ಅಂಡರ್-19 ವಿಶ್ವಕಪ್ ಗೆದ್ದ ಕ್ಯಾಪ್ಟನ್. 10 ಲಕ್ಷಕ್ಕೆ ಡೆಲ್ಲಿ ಪಾಲು. ವೃಂದಾ ದಿನೇಶ್ 1.3 ಕೋಟಿಗೆ ಯುಪಿ ಪಾಲು. ನಮ್ಮ ತಂಡದ ಹೆಸರಲ್ಲಿ ಬೆಂಗಳೂರು, ತಂಡದಲ್ಲಿ ಕನ್ನಡಿಗರು ಎಲ್ಲಿ ಸ್ವಾಮಿ? ಶ್ರೇಯಾಂಕಾನ ಉಳಿಸಿಕೊಂಡಿದ್ದೇ ದೊಡ್ಡದು.

ಪಿ_ಸ್ಟ್ಯಾಂಡ್_ಪರಮೇಶಿ

ಶುರು ಆಯ್ತಪ್ಪ. ಗಂಡಸರ ತಂಡದ ಥ್ರೆಡ್ಡಲ್ಲೂ ನಿಂದು ಇದೇ ರಾಗ. ಹರಾಜು ಅಂದ್ರೆ ಹರಾಜು. ವೃಂದಾಗೆ 1.3 ಕೋಟಿ ಸಿಕ್ಕಿದ್ದಕ್ಕೆ ಖುಷಿ ಪಡೋ ಬದಲು...

ಕನ್ನಡದ_ಕಂದ_ಆರ್‌ಸಿಬಿ

ಖುಷಿ ಇದೆ. ಆದ್ರೆ ಮೂಡಿಗೆರೆ, ಮುಧೋಳದ ಹುಡುಗಿ ಟೀವಿ ಹಾಕಿದ್ರೆ ಕೆಂಪು ಜೆರ್ಸಿಲಿ ಕನ್ನಡ ಮಾತಾಡೋರು ಕಾಣಬೇಕು ಅನ್ನೋದು ತಪ್ಪಾ?

ನಿರ್ವಾಹಕ

ತಪ್ಪಲ್ಲ, ಆದರೆ ಅದಕ್ಕೆ ಬೇರೆ ಥ್ರೆಡ್ ಇದೆ. ಇಲ್ಲಿ ಮೇಷ್ಟ್ರ ಪ್ರಶ್ನೆ ಮುಂದುವರಿಸಿ. ಮಧ್ಯೆ ಬಂದ ಹನ್ನೊಂದು ಕಾಮೆಂಟ್ ಅಲ್ಲಿಗೆ ಸಾಗಿಸಿದ್ದೇನೆ.

ಲೆಕ್ಕದ_ಪುಸ್ತಕ

ನಾನು ಮೇಲೆ ಬರೆದದ್ದು ಸ್ವಲ್ಪ ಒರಟಾಯ್ತು. ಅದಕ್ಕೆ ಇನ್ನೊಂದು ಮಗ್ಗುಲೂ ಇದೆ.

ಕ್ರಾಂತಿ ಗೌಡ್. ಹೆಸರು ನೋಡಿ ನಮ್ಮ ಮಂಡ್ಯದವಳು ಅಂದುಕೊಳ್ಳಬೇಡಿ, ಮಧ್ಯಪ್ರದೇಶದ ಛತ್ತರ್‌ಪುರ ಜಿಲ್ಲೆಯ ಘುವಾರಾ ಅನ್ನೋ ಸಣ್ಣ ಊರು. ಮುಂಬೈ ತಂಡಕ್ಕೆ ನೆಟ್ ಬೌಲರ್, ಅಂದರೆ ಅಭ್ಯಾಸಕ್ಕೆ ಬೌಲಿಂಗ್ ಮಾಡೋಳು, ಆಗಿದ್ದಳು. 2024ರ ಡಿಸೆಂಬರ್ ಹರಾಜಲ್ಲಿ ಯುಪಿಗೆ 10 ಲಕ್ಷಕ್ಕೆ ಹೋದಳು. ಮೇನಲ್ಲಿ ಭಾರತಕ್ಕೆ ಏಕದಿನ ಆಡಿದಳು, ಜುಲೈಯಲ್ಲಿ ಇಂಗ್ಲೆಂಡ್ ನೆಲದಲ್ಲಿ 52ಕ್ಕೆ 6, ನವೆಂಬರಲ್ಲಿ ವಿಶ್ವಕಪ್. ಹನ್ನೊಂದು ತಿಂಗಳು! ಕಡಪಾದ ಶ್ರೀ ಚರಣಿ ಕೂಡ ಅದೇ ಹರಾಜು, 55 ಲಕ್ಷಕ್ಕೆ ಡೆಲ್ಲಿ, ವಿಶ್ವಕಪ್‌ನಲ್ಲಿ 14 ವಿಕೆಟ್. ಲೀಗ್ ಇಲ್ಲದಿದ್ದರೆ ಇವರು ಕಣ್ಣಿಗೆ ಬೀಳೋಕೆ ಇನ್ನೂ ಎಷ್ಟು ಸೀಸನ್ ಬೇಕಿತ್ತೋ. ಲೀಗಿಗೂ ಮುಂಚೆ ಇದ್ದದ್ದು 2018ರಿಂದ 2022ರವರೆಗಿನ ಮಹಿಳಾ ಟಿ20 ಚಾಲೆಂಜ್, ಮೊದಲ ವರ್ಷ ಎರಡೇ ತಂಡ, ಒಂದೇ ಪಂದ್ಯ, ಆಮೇಲೆ ಮೂರೇ ತಂಡ, ನಾಲ್ಕು ಪಂದ್ಯ. ಕಣ್ಣು ಮಿಟುಕಿಸೋದರಲ್ಲಿ ಮುಗೀತಿತ್ತು. 2021ರಲ್ಲಂತೂ ಅದೂ ನಡೀಲಿಲ್ಲ.

ಇನ್ನೊಂದು ಕಡೆ ಮೈ ಕೈಕೊಡೋ ವಿಷಯ. ಕಾಶ್ವಿ ಗೌತಮ್, ಭಾರತಕ್ಕೆ ಇನ್ನೂ ಆಡದೇನೇ 2 ಕೋಟಿ, 2024ರ ಪೂರ್ತಿ ಸೀಸನ್ ಗಾಯದಿಂದ ಹೊರಗೆ. ವೃಂದಾ ಅದೇ ವರ್ಷ ಕೆಲವು ಪಂದ್ಯ ಆಡೋದರಲ್ಲಿ ಭುಜ ಹೋಯ್ತು. ಶ್ರೇಯಾಂಕಾ 2024ರಲ್ಲಿ 13 ವಿಕೆಟ್ ತೆಗೆದು, ಅತಿ ಹೆಚ್ಚು ವಿಕೆಟ್ ತೆಗೆದವರಿಗೆ ಕೊಡೋ ಪರ್ಪಲ್ ಕ್ಯಾಪ್, 2025ರಲ್ಲಿ ಒಂದು ಪಂದ್ಯವೂ ಇಲ್ಲ. ವರ್ಷಕ್ಕೆ ಹತ್ತು ದೇಶೀಯ ಪಂದ್ಯ ಆಡ್ತಿದ್ದ ಮೈಗೆ ಇದ್ದಕ್ಕಿದ್ದಂತೆ ಲೀಗ್, ಪ್ರವಾಸ, ಶಿಬಿರ ಎಲ್ಲ ಬಿದ್ದರೆ ಹೀಗಾಗುತ್ತೆ ಅನ್ನೋದು ನನ್ನ ಅನುಮಾನ. ತಾಲ್ಲೂಕಲ್ಲಿ ಫಿಸಿಯೋ ಅಂದ್ರೆ ನಾಟಿ ಎಣ್ಣೆ ಹಚ್ಚೋರು.

ಮೂರನೇ ಪ್ರಶ್ನೆ, ಬರ್ಲಿಲ್ಲ ಅಂದ್ರೆ? ಅದಕ್ಕೆ ಸ್ನೇಹ ರಾಣಾ ಉದಾಹರಣೆ. 2025ರ ಲೀಗಿಗೆ ಮೊದಲು ಹರಾಜಲ್ಲಿ ಅವರನ್ನ ಯಾರೂ ಕೊಳ್ಳಲಿಲ್ಲ. ಶ್ರೇಯಾಂಕಾ ಗಾಯಗೊಂಡ ಜಾಗಕ್ಕೆ ಆರ್‌ಸಿಬಿ ಕರೆಯಿತು, ಯುಪಿ ಮೇಲೆ 6 ಎಸೆತಕ್ಕೆ 26 ಬಾರಿಸಿದರು, ವರ್ಷ ಮುಗಿಯೋದರೊಳಗೆ ವಿಶ್ವಕಪ್ ಗೆದ್ದ ತಂಡದಲ್ಲಿದ್ದರು. ಯಾರೂ ಕೊಳ್ಳದಿದ್ದಾಗಲೂ ಅವರು ರೈಲ್ವೆ ಆಟಗಾರ್ತಿ. ಅಕ್ಕ ಹೇಳಿದ ಹಳೇ ಫ್ರಾಂಚೈಸಿ.

ಮತ್ತೆ ಈ ಡಿಸೆಂಬರ್ (2025) ಸುದ್ದಿ ಯಾರೂ ಹಾಕಿಲ್ಲ. ರಾಜ್ಯಕ್ಕೆ ಆಡೋ ಹಿರಿಯ ಆಟಗಾರ್ತಿಯರ ದಿನದ ಸಂಭಾವನೆ 20,000 ಇದ್ದದ್ದನ್ನ ಬಿಸಿಸಿಐ 50,000 ಮಾಡಿದೆ. ಹತ್ತು ಏಕದಿನ ಆಡಿದರೆ 5 ಲಕ್ಷ. ಟಿ20ಗೆ ಅದರ ಅರ್ಧ. ಜೂನಿಯರ್‌ಗಳಿಗೂ ಏರಿಸಿದ್ದಾರೆ. ನನ್ನ ಮಟ್ಟಿಗೆ 3.4 ಕೋಟಿಗಿಂತ ಇದು ದೊಡ್ಡ ಸುದ್ದಿ, ಯಾಕಂದ್ರೆ ಇಲ್ಲಿ ಅರವತ್ತು ಕುರ್ಚಿ ಅಲ್ಲ, ಒಂದೊಂದು ರಾಜ್ಯಕ್ಕೂ ಒಂದು ತಂಡ ಇದೆ. ಲೀಗ್ ಕ್ಲಿಕ್ ಆಗಿರದಿದ್ದರೆ, ವಿಶ್ವಕಪ್ ಬಂದಿರದಿದ್ದರೆ ಇದನ್ನ ಯಾರು ಏರಿಸ್ತಿದ್ರು?

ಸತ್ಯವಂತ_77

20ರಿಂದ 50 ನನಗೆ ಗೊತ್ತಿರಲಿಲ್ಲ. ಒಳ್ಳೇದು. ಆದರೂ ಬರೀ ಟಿ20 ಆಡಿಸಿದರೆ ಆಟ ಉಳಿಯಲ್ಲ ಅನ್ನೋದು ನನ್ನ ವಾದ.

ಕುಡ್ಲದ_ಸ್ಕೋರರ್

ಇದನ್ನು ನಾನು ಒಪ್ಪುತ್ತೇನೆ, ಬರೆದಿಟ್ಟುಕೊಳ್ಳಿ ಇವತ್ತಿನ ದಿನಾಂಕ. ಹುಡುಗಿಯರ ದೇಶೀಯ ಕ್ರಿಕೆಟ್‌ನಲ್ಲಿ ಮೂರು-ನಾಲ್ಕು ದಿನದ ಆಟ ಎಷ್ಟೋ ವರ್ಷ ನಿಂತೇ ಹೋಗಿತ್ತು. 2024ರಲ್ಲಿ ಪುಣೆಯಲ್ಲಿ ವಲಯಗಳ ನಡುವೆ ಮತ್ತೆ ಶುರು ಮಾಡಿದರು. ನಮ್ಮ ಮೈಸೂರಿನ ಶುಭಾ ಸತೀಶ್ 2023ರ ಡಿಸೆಂಬರಿನಲ್ಲಿ ಇಂಗ್ಲೆಂಡ್ ಮೇಲೆ ಮೊದಲ ಟೆಸ್ಟಿಗೇ 69 ಹೊಡೆದದ್ದು, ಅಂಥ ಆಟ ಬೇಕಾದರೆ ದಿನಗಟ್ಟಲೆ ಆಡುವ ಅಭ್ಯಾಸ ಬೇಕು.

ಪಿ_ಸ್ಟ್ಯಾಂಡ್_ಪರಮೇಶಿ

ಒಂದು ಬೇಜಾರು ಹೇಳ್ಕೊಂಡು ಸುಮ್ಮನಾಗ್ತೀನಿ. ಈ ವಿಶ್ವಕಪ್‌ನ ಮೊದಲ ಪಂದ್ಯ ಬೆಂಗಳೂರಲ್ಲಿ ಇತ್ತು, ಪಾಕಿಸ್ತಾನ ಫೈನಲಿಗೆ ಬರದಿದ್ದರೆ ಫೈನಲ್ ಕೂಡ ಇಲ್ಲಿಗೇ ಅಂತಿತ್ತು. 2025ರ ಜೂನ್ 4ರಂದು ಚಿನ್ನಸ್ವಾಮಿ ಗೇಟ್ ಮುಂದೆ ಕಾಲ್ತುಳಿತಕ್ಕೆ 11 ಜೀವ ಹೋದವು. ಆಮೇಲೆ ಮೊದಲ ಪಂದ್ಯ ಗುವಾಹಟಿಗೆ, ಫೈನಲ್ ನವಿ ಮುಂಬೈಗೆ ಹೋದವು. ಹೋಗಲೇಬೇಕಿತ್ತು, ಅದರ ಬಗ್ಗೆ ಮಾತಿಲ್ಲ. ಆದ್ರೆ ಸತ್ತವರಲ್ಲಿ ಚಿಕ್ಕ ಹುಡುಗಿಯೂ ಇದ್ದಳು ಅನ್ನೋದು ನೆನಪಾದಾಗೆಲ್ಲ, ಆ ಅಜ್ಜಿ ಮೊಮ್ಮಗಳು ಕಣ್ಮುಂದೆ ಬರ್ತಾರೆ. 2026ರ ಲೀಗ್ ಸೀಸನ್ ಕೂಡ ನವಿ ಮುಂಬೈ, ವಡೋದರಾ ಎರಡೇ ಊರು. ಟೀವಿಲೇ ನೋಡಬೇಕು.

ಪಿಟಿ_ಮೇಷ್ಟ್ರು

ಎಲ್ಲರಿಗೂ ಧನ್ಯವಾದ. ಮೂರು ದಿನದಿಂದ ಓದ್ತಾ ಇದ್ದೆ, ಬರೆಯೋಕೆ ಆಗಿರಲಿಲ್ಲ.

ನಿನ್ನೆ ಸಂಜೆ ಅವರ ಹೊಲಕ್ಕೇ ಹೋಗಿದ್ದೆ. ಕೋಟಿ ವಿಷಯ ಬಿಟ್ಟುಬಿಟ್ಟೆ. ಅರವತ್ತು ಕುರ್ಚಿ ಲೆಕ್ಕ ಹೇಳಿದೆ. ರೈಲ್ವೆ ಹೇಳಿದೆ. ರಾಜ್ಯಕ್ಕೆ ಆಡಿದರೆ ದಿನಕ್ಕೆ 50,000 ಅಂದೆ. ಅವರು ಕಣ್ಣು ಕಿರಿದು ಮಾಡಿ, "ದಿನಕ್ಕಾ ಸಾರ್, ತಿಂಗಳಿಗಾ?" ಅಂತ ಎರಡು ಸಲ ಕೇಳಿದರು. ಬರ್ಲಿಲ್ಲ ಅಂದ್ರೆ ಏನು ಅನ್ನೋದಕ್ಕೆ, ಓದು ಬಿಡಿಸಲ್ಲ, ಅದು ನನ್ನ ಜವಾಬ್ದಾರಿ ಅಂದೆ. ಒಂದು ಷರತ್ತು ಹಾಕಿದರು: ಮಾರ್ಚ್ ಪರೀಕ್ಷೆವರೆಗೆ ಭಾನುವಾರ ಮಾತ್ರ. ಆಮೇಲೆ ನೋಡೋಣ.

ಜನನ ಪ್ರಮಾಣಪತ್ರದಲ್ಲಿ ಅಪ್ಪನ ಹೆಸರು ಬೇರೆ ಅಕ್ಷರ ಇದೆ. ಸೋಮವಾರ ಆ ಕೆಲಸ. ನಮ್ಮ ವಲಯದ ಕೆಎಸ್‌ಸಿಎ (ರಾಜ್ಯ ಕ್ರಿಕೆಟ್ ಸಂಸ್ಥೆ) ಸಂಚಾಲಕರನ್ನೂ ಕೇಳಿದ್ದೀನಿ, ಮುಂದಿನ ಟ್ರಯಲ್ಸ್ ದಿನಾಂಕ ತಿಳಿಸ್ತೀನಿ ಅಂದರು. ಹತ್ತಿರದ ಪಟ್ಟಣದಲ್ಲಿ ಒಂದು ಮ್ಯಾಟಿಂಗ್ ವಿಕೆಟ್ ಇದೆ, ಭಾನುವಾರ ಬೆಳಿಗ್ಗೆ ಹುಡುಗರು ಆಡ್ತಾರೆ, ಇವಳನ್ನ ಸೇರಿಸ್ಕೊಳ್ಳಿ ಅಂತ ಒಪ್ಪಿಸಿದ್ದೀನಿ. ಲೆದರ್ ಬಾಲ್ ಎರಡು ತಂದೆ. ಪ್ಯಾಡು, ಗ್ಲೌಸ್ ಇಲ್ಲ, ಸದ್ಯಕ್ಕೆ ಹುಡುಗರದ್ದೇ.

ಹುಬ್ಳಿ_ಅಕ್ಕ

ಮೇಷ್ಟ್ರ, ನಮ್ಮ ಅಟ್ಟದ ಮ್ಯಾಲಿನ ಪೆಟ್ಟಿಗಿ ಮುಂಜಾನೆ ಇಳಿಸಿದೆ. ಪ್ಯಾಡ್ ಒಂದು ಜೋಡಿ ಗಟ್ಟಿ ಅದಾವ, ಬಕಲ್ ಒಂದು ಹೋಗೇತಿ, ಹೊಲಿಸಿ ಕಳಸ್ತೀನಿ. ಬ್ಯಾಟಿಂಗ್ ಗ್ಲೌಸೂ ಅದಾವ. ಹುಡುಗಿ ಯಾವ ಕೈಲೆ ಆಡತಾಳ?

ಪಿಟಿ_ಮೇಷ್ಟ್ರು

ಎಡಗೈ ಮೇಡಂ.

ಹುಬ್ಳಿ_ಅಕ್ಕ

ಅಯ್ಯ ಇವನೌನ, ನನ್ನವು ಬಲಗೈವು. ಪ್ಯಾಡ್ ಅಂತೂ ಬರತಾವ. ಗ್ಲೌಸ್ ಯಾರ ಹತ್ರ ಅದಾವ್ರೀ?

ಅಪ್ಪ_ಡ್ರೈವರ್_ಮೈಸೂರು

ನನ್ನ ಮಗಳೂ ಎಡಗೈ. ಹೋದ ವರ್ಷದ್ದು ಅವಳಿಗೆ ಚಿಕ್ಕದಾಗಿದೆ, ಹೆಬ್ಬೆರಳ ಹತ್ತಿರ ಸ್ವಲ್ಪ ಸವೆದಿದೆ. ಶಾಲೆ ವಿಳಾಸ ಮೆಸೇಜ್ ಮಾಡಿ ಮೇಷ್ಟ್ರೇ, ನಾಳೆ ನೆಟ್ಸ್ ಮುಗಿಸಿ ಬರೋವಾಗ ಪೋಸ್ಟ್ ಆಫೀಸಿಗೆ ಹಾಕ್ತೀನಿ.